ನದಿ ಬೇಡ ಅಂದ ಹೊಟ್ಟೆ: ಕೊಡಗಿನ ಒಬ್ಬ ಬಸ್ ಡ್ರೈವರ್, ಐಬಿಎಸ್, ಏಳು ಸೆಷನ್ ಹಿಪ್ನೋಥೆರಪಿ

ಮೂರ್ನಾಡಿನಲ್ಲಿ ಆ ಬಸ್ಸು ನಿಲ್ಲಬೇಕಾದ್ದು ಎರಡು ನಿಮಿಷ. ಏಳೆಂಟು ನಿಮಿಷ ನಿಲ್ಲುತ್ತಿತ್ತು. ಡ್ರೈವರ್ ಸೀಟು ಖಾಲಿ. ಯಾರಾದರೂ ಕೇಳಿದರೆ ಕಂಡಕ್ಟರ್ ‘ಟಯರ್ ನೋಡ್ಲಿಕ್ಕೆ ಇಳಿದಿದ್ದಾರೆ’ ಅನ್ನುತ್ತಿದ್ದ. ದಿನಾ ಟಯರ್ ನೋಡುವ ಡ್ರೈವರ್ ಎಷ್ಟು ಜವಾಬ್ದಾರಿ ಮನುಷ್ಯ ಅಂತ ಯಾರಾದರೂ ಮೆಚ್ಚಿಕೊಂಡಿದ್ದರೂ ಇರಬಹುದು. ಅವರು ಹೋಗುತ್ತಿದ್ದದ್ದು ಒಂದು ಹೋಟೆಲಿನ ಹಿಂದಿದ್ದ ಟಾಯ್ಲೆಟ್ಟಿಗೆ.

ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿಲೋಮೀಟರ್. ಈ ದಾರಿಯಲ್ಲಿ ಎಲ್ಲೆಲ್ಲಿ ಟಾಯ್ಲೆಟ್ ಇದೆ, ಯಾವುದಕ್ಕೆ ಒಳಗಿನಿಂದ ಚಿಲಕ ಇಲ್ಲ, ಯಾವುದರಲ್ಲಿ ಬೇಸಿಗೆಯಲ್ಲಿ ನೀರು ಬರುವುದಿಲ್ಲ, ಯಾವ ಕಾಫಿ ತೋಟದ ಬೇಲಿಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದಿ ಇದೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ ಆಗಿತ್ತು. ಮೊದಲ ದಿನ ನನ್ನ ಮುಂದೆ ಕೂತು ಇದನ್ನೆಲ್ಲ ಹೇಳುವಾಗ ಅವರು ನಗುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ನಗುತ್ತಿರಲಿಲ್ಲ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮೈಸೂರಿನಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಮಡಿಕೇರಿಗೆ ಬರುತ್ತೇನೆ. ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ಡ್ರೈವರಣ್ಣ ಅಂತಲೇ ಕರೆಯುತ್ತೇನೆ. ನಲವತ್ತರ ಆಸುಪಾಸು ವಯಸ್ಸು, ಖಾಸಗಿ ಬಸ್ಸು, ದಿನಕ್ಕೆ ಆರು ಟ್ರಿಪ್. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ಎಲ್ಲ ಭಾಷೆ.

ಹೊಟ್ಟೆ ಕೆಟ್ಟದ್ದು ಯಾವಾಗ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ಎಲ್ಲರಿಗೂ ನೆನಪಿದೆ. ಇವರ ಮನೆ ಉಳಿಯಿತು, ಮನೆಯ ಹಿಂದಿನ ತೋಟ ಹೋಯಿತು. ರಾತ್ರಿ ಮಕ್ಕಳನ್ನು ಎತ್ತಿಕೊಂಡು ಓಡಿ, ಹತ್ತು ಹನ್ನೆರಡು ದಿನ ಪರಿಹಾರ ಕೇಂದ್ರದಲ್ಲಿದ್ದರು. ಅಲ್ಲಿ ಹಲವರಿಗೆ ವಾಂತಿ, ಭೇದಿ ಶುರುವಾಯಿತು. ಇವರಿಗೂ ಜ್ವರದ ಜೊತೆ ಒಂದು ವಾರ ಭೇದಿ. ಜ್ವರ ಹೋಯಿತು, ಬೇರೆಯವರ ಹೊಟ್ಟೆಯೂ ಸರಿಯಾಯಿತು. ಇವರದ್ದು ಮಾತ್ರ ಆಗಲಿಲ್ಲ.

ಆಮೇಲೆ ನಡೆದದ್ದು ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಪದೇಪದೇ ಕೆಡುವ ತೊಂದರೆ, ಇರುವವರೆಲ್ಲ ಹೇಳುವ ಕತೆಯೇ. ಮೊದಲು ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ಹುಳದ ಮಾತ್ರೆ. ಆಮೇಲೆ ನಾಟಿ ಮದ್ದು, ಅದಾದ ಮೇಲೆ ಒಂದು ಹರಕೆ. ಊರಿನಲ್ಲಿ ಕೊಲೊನೋಸ್ಕೋಪಿ ಅಂದರೆ ದೊಡ್ಡ ವಿಷಯ, ಅದೂ ಆಯಿತು. ಎಲ್ಲ ನಾರ್ಮಲ್. ‘ನಿಮಗೆ ಏನೂ ಇಲ್ಲ, ಟೆನ್ಷನ್ ಮಾಡ್ಕೊಬೇಡಿ’ ಅಂತ ಕಳಿಸಿದರು. ಏನೂ ಇಲ್ಲ ಅನ್ನುವ ಮಾತು ಕೇಳಿ ಆಸ್ಪತ್ರೆ ಮೆಟ್ಟಿಲು ಇಳಿಯುವಾಗಲೇ ಮತ್ತೆ ಟಾಯ್ಲೆಟ್ ಹುಡುಕಿದ್ದನ್ನು ಅವರು ಇವತ್ತಿಗೂ ಮರೆತಿಲ್ಲ.

ಕಡೆಗೆ ಒಬ್ಬರು ಗ್ಯಾಸ್ಟ್ರೋಎಂಟರಾಲಜಿಸ್ಟ್ ಕೂರಿಸಿ ಮಾತಾಡಿದರು. ಇದು ಇರಿಟಬಲ್ ಬವೆಲ್ ಸಿಂಡ್ರೋಮ್, ಅದೇ ಐಬಿಎಸ್, ಭೇದಿ ಜಾಸ್ತಿ ಇರುವ ಬಗೆ ಅಂದರು. ಐಬಿಎಸ್ ಅನ್ನಲು 2016ರ ರೋಮ್ 4 ಮಾನದಂಡ ಬಳಸುತ್ತಾರೆ. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೂ ಮಲವಿಸರ್ಜನೆಗೂ ನಂಟಿರಬೇಕು, ಎಷ್ಟು ಸಲ ಹೋಗುತ್ತದೆ ಅನ್ನುವುದು ಬದಲಾಗಿರಬೇಕು, ಹೇಗೆ ಹೋಗುತ್ತದೆ ಅನ್ನುವುದು ಬದಲಾಗಿರಬೇಕು. ಈ ಮೂರರಲ್ಲಿ ಎರಡಾದರೂ ಹೊಂದಬೇಕು. ತೊಂದರೆ ಶುರುವಾಗಿ ಆರು ತಿಂಗಳು ಕಳೆದಿರಬೇಕು. ಇವರಿಗೆ ಮೂರೂ ಹೊಂದುತ್ತಿತ್ತು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇದರಲ್ಲಿ ಒಂದಿದ್ದರೂ ಮೊದಲು ಡಾಕ್ಟರ್, ನಾನಲ್ಲ. ಪರೀಕ್ಷೆ ಆಗದೆ ಬಂದವರನ್ನು ನಾನು ಹಿಪ್ನೋಸಿಸ್‌ಗೆ ಕೂರಿಸುವುದಿಲ್ಲ. ಡ್ರೈವರಣ್ಣನಿಗೆ ಇವು ಯಾವುವೂ ಇರಲಿಲ್ಲ, ರಕ್ತಪರೀಕ್ಷೆ, ಮಲಪರೀಕ್ಷೆ ಎಲ್ಲ ಆಗಿತ್ತು.

ಪರಿಹಾರ ಕೇಂದ್ರದ ಭೇದಿಗೂ ಇದಕ್ಕೂ ಏನು ಸಂಬಂಧ ಅಂತ ಹೆಂಡತಿ ಕೇಳಿದರು. ಸಂಬಂಧ ಇದೆ. ಕರುಳಿಗೆ ಸೋಂಕು ತಗುಲಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೋಂಕು ಹೋದ ಮೇಲೂ ಐಬಿಎಸ್ ಉಳಿಯುತ್ತದೆ. ಕೆನಡಾದಲ್ಲಿ ವಾಕರ್ಟನ್ ಅಂತ ಐದು ಸಾವಿರದಷ್ಟು ಜನರ ಊರಿದೆ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರಿಗೆ ಬ್ಯಾಕ್ಟೀರಿಯಾ ಸೇರಿ ಅರ್ಧ ಊರೇ ಮಲಗಿತು. ಎರಡು ಮೂರು ವರ್ಷ ಬಿಟ್ಟು ನೋಡಿದರೆ, ಆಗ ಸೋಂಕು ತಗುಲಿದೆ ಅಂತ ವೈದ್ಯಕೀಯವಾಗಿ ಶಂಕೆ ಇದ್ದವರಲ್ಲಿ ಮೂವರಿಗೊಬ್ಬರಿಗಿಂತ ಜಾಸ್ತಿ ಜನರಿಗೆ ಐಬಿಎಸ್ ಇತ್ತು. ಕಾಯಿಲೆ ಬೀಳದವರಲ್ಲಿ ಹತ್ತಕ್ಕೊಬ್ಬರು. ಅಂದರೆ ‘ಎಲ್ಲ ನಿನ್ನ ತಲೆಯಲ್ಲಿದೆ’ ಅನ್ನುವುದು ಸುಳ್ಳು. ‘ತಲೆಗೆ ಏನೂ ಸಂಬಂಧ ಇಲ್ಲ’ ಅನ್ನುವುದೂ ಸುಳ್ಳು. ಕರುಳಿಗೆ ಅದರದೇ ಆದ ನರಜಾಲ ಇದೆ, ಕೋಟಿಗಟ್ಟಲೆ ನರಕೋಶ. ಅದೂ ಮೆದುಳೂ ವೇಗಸ್ ಅನ್ನುವ ನರದ ಮೂಲಕ ಹಗಲು ರಾತ್ರಿ ಮಾತಾಡಿಕೊಳ್ಳುತ್ತಿರುತ್ತವೆ. ಐಬಿಎಸ್‌ನಲ್ಲಿ ಆ ಮಾತು ಕೂಗಾಟವಾಗಿರುತ್ತದೆ. ಗುದನಾಳದೊಳಗೆ ಸಣ್ಣ ಬಲೂನ್ ಇಟ್ಟು ಗಾಳಿ ತುಂಬಿಸಿ ನೋಡುವ ಪರೀಕ್ಷೆ ಒಂದಿದೆ. ಬೇರೆಯವರಿಗೆ ಸುಮ್ನೆ ತುಂಬಿದ ಹಾಗೆ ಅನ್ನಿಸುವಷ್ಟು ಗಾಳಿಗೇ ಐಬಿಎಸ್ ಇರುವ ಹಲವರಿಗೆ ನೋವು ಬರುತ್ತದೆ.

ಮಾತ್ರೆ ಇರಲಿಲ್ಲವಾ?

ಇತ್ತು. ಇಸಬ್ಗೋಲ್ ಕೊಟ್ಟರು, ಹೊಟ್ಟೆ ಉಬ್ಬಿತು. ಕರುಳಿನ ಸೆಳೆತ ತಗ್ಗಿಸುವ ಮೆಬೆವೆರಿನ್ ಸ್ವಲ್ಪ ಹಿಡಿಯಿತು, ಸಾಕಾಗಲಿಲ್ಲ. ಕಡಿಮೆ ಡೋಸಿನಲ್ಲಿ ಅಮಿಟ್ರಿಪ್ಟಿಲಿನ್ ಕೊಟ್ಟರು. ಅದು ಐಬಿಎಸ್‌ಗೆ ಒಳ್ಳೆಯ ಔಷಧಿಯೇ, ಆದರೆ ಇವರಿಗೆ ಬೆಳಿಗ್ಗೆ ತೂಕಡಿಕೆ. ಐವತ್ತು ಜನರನ್ನು ಕೂರಿಸಿಕೊಂಡು ತಿರುವಿನಲ್ಲಿ ತೂಕಡಿಸಲಿಕ್ಕಾಗುತ್ತದಾ? ನಾಲ್ಕೇ ದಿನಕ್ಕೆ ಬಿಟ್ಟರು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಅವರೇ ಅಂಗಡಿಯಿಂದ ತಂದು, ಡ್ಯೂಟಿಗೆ ಮುಂಚೆ ಎರಡೆರಡು ನುಂಗುತ್ತಿದ್ದರು. ಎರಡು ದಿನ ಕಟ್ಟಿಕೊಳ್ಳುತ್ತಿತ್ತು, ಮೂರನೇ ದಿನ ಕಟ್ಟೆ ಒಡೆಯುತ್ತಿತ್ತು.

ಊಟದ ದಾರಿಯೂ ಇತ್ತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯ, ಅಂದರೆ ಕರುಳಿನಲ್ಲಿ ಹುಳಿತು ಗ್ಯಾಸ್ ಮಾಡುವ ಆಹಾರ ಕಡಿಮೆ ಮಾಡುವುದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳು, ಹಾಲು ಇವನ್ನೆಲ್ಲ ಕೆಲವು ವಾರ ಬಿಟ್ಟು ಒಂದೊಂದಾಗಿ ವಾಪಸ್ ಸೇರಿಸಿ ನೋಡುವುದು. ಅಕ್ಕಿ ಊಟದ ಕೊಡಗಿನವರಿಗೆ ಅದು ಅಷ್ಟೇನೂ ಕಷ್ಟ ಅಲ್ಲ, ಕಡುಬು ನೂಲ್‌ಪುಟ್ಟಿಗೆ ಏನೂ ಅಡ್ಡಿ ಇಲ್ಲ. ಆದರೆ ಡ್ರೈವರಣ್ಣ ಆಗಲೇ ತಿನ್ನುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನದವರೆಗೆ ಬರೀ ಹೊಟ್ಟೆ. ಮಧ್ಯಾಹ್ನ ಎರಡು ತುತ್ತು ಗಂಜಿ. ಕಾಫಿ ತೋಟದ ನಡುವೆ ಹುಟ್ಟಿದ ಮನುಷ್ಯ ಕಾಫಿ ಬಿಟ್ಟು ಮೂರು ವರ್ಷ ಆಗಿತ್ತು. ಮದುವೆ ಮನೆಗಳಿಗೆ ಹೋಗುತ್ತಿರಲಿಲ್ಲ. ಹೋದರೂ ಪಂದಿಕರಿ ಬಡಿಸುವ ಹೊತ್ತಿಗೆ ಎದ್ದು ಹೊರಗೆ ನಿಲ್ಲುತ್ತಿದ್ದರು. ಇಂಥವರಿಗೆ ಇನ್ನೊಂದಷ್ಟು ‘ತಿನ್ನಬೇಡಿ’ ಪಟ್ಟಿ ಕೊಡಲು ಡಾಕ್ಟರಿಗೂ ಮನಸ್ಸಾಗಲಿಲ್ಲ. ಮೊನಾಶ್‌ನಲ್ಲೇ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 74 ರೋಗಿಗಳಿಗೆ ಪಥ್ಯ, ಹಿಪ್ನೋಥೆರಪಿ ಅಥವಾ ಎರಡೂ ಕೊಟ್ಟು ನೋಡಿದ್ದರು. ಮೂರೂ ಗುಂಪಿನಲ್ಲಿ ಹೆಚ್ಚೂ ಕಡಿಮೆ ಒಂದೇ ಫಲಿತಾಂಶ, ಸುಮಾರು 70 ಪರ್ಸೆಂಟ್ ಜನರಿಗೆ ಗುಣ. ಹಾಗಾಗಿ ಡಾಕ್ಟರ್ ಅವರನ್ನು ನನ್ನ ಹತ್ತಿರ ಕಳಿಸಿದರು.

ಹಿಪ್ನೋಸಿಸ್ ಅಂದ ಕೂಡಲೇ ಹೆಂಡತಿ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡರು. ‘ಅದು ವಶೀಕರಣ ಅಲ್ವಾ ಮೇಡಂ?’

ತಪ್ಪು ಅವರದ್ದಲ್ಲ. ಜಾತ್ರೆ, ಶಾಲೆ ವಾರ್ಷಿಕೋತ್ಸವಗಳಲ್ಲಿ ಜನರನ್ನು ವೇದಿಕೆಗೆ ಕರೆದು ಕೋಳಿಯ ಹಾಗೆ ಕೂಗಿಸುವವರನ್ನು ಎಲ್ಲರೂ ನೋಡಿರುತ್ತಾರೆ. ಡ್ರೈವರಣ್ಣನ ಭಯವೇ ಬೇರೆ, ಮೂರು ಪ್ರಶ್ನೆ ಇಟ್ಟುಕೊಂಡು ಬಂದಿದ್ದರು. ಮನಸ್ಸಲ್ಲಿದ್ದದ್ದೆಲ್ಲ ಬಾಯಿಬಿಡ್ತೇನಾ? ಏಳದೇ ಇದ್ದರೆ ಎಂತ ಮಾಡುದು? ಬಸ್ ಓಡಿಸುವಾಗ ಅದು ತನ್ನಷ್ಟಕ್ಕೆ ಬಂದುಬಿಟ್ಟರೆ?

ಮೊದಲ ಎರಡಕ್ಕೆ ಉತ್ತರ ಸುಲಭ. ಹಿಪ್ನೋಸಿಸ್ ನಿದ್ದೆ ಅಲ್ಲ. ಒಂದು ಕಡೆ ಗಮನ ಗಟ್ಟಿಯಾಗಿ ನೆಟ್ಟು, ಉಳಿದದ್ದು ಹಿಂದಕ್ಕೆ ಸರಿದಿರುವ ಸ್ಥಿತಿ. ಮಾತು ಕೇಳಿಸುತ್ತಿರುತ್ತದೆ, ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ಮೂರನೇ ಪ್ರಶ್ನೆ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮ್ಯಾಂಚೆಸ್ಟರಿನ ಕತೆಯನ್ನೂ ಹೇಳಿದೆ. 1841ರಲ್ಲಿ ಜೇಮ್ಸ್ ಬ್ರೇಡ್ ಅನ್ನುವ ಸರ್ಜನ್ ಆ ಊರಿನಲ್ಲಿ ಒಂದು ವಶೀಕರಣ ಪ್ರದರ್ಶನ ನೋಡಲು ಹೋಗಿ, ಇದರಲ್ಲಿ ಮಂತ್ರ ಇಲ್ಲ, ಆದರೆ ಏನೋ ಇದೆ ಅಂತ ಹಿಡಿದು ಕೂತರು. ಹಿಪ್ನಾಟಿಸಂ ಅನ್ನುವ ಹೆಸರು ಬಳಕೆಗೆ ಬಂದದ್ದು ಅವರಿಂದ. ಅದೇ ಊರಿನಲ್ಲಿ ಒಂದೂವರೆ ಶತಮಾನದ ಹತ್ತಿರ ಕಳೆದ ಮೇಲೆ, 1984ರಲ್ಲಿ, ಪೀಟರ್ ವೊರ್ವೆಲ್ ಅನ್ನುವ ಹೊಟ್ಟೆಯ ಡಾಕ್ಟರ್ ಯಾವ ಔಷಧಿಗೂ ಬಗ್ಗದ 30 ಐಬಿಎಸ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮೂರು ತಿಂಗಳಲ್ಲಿ ಅರ್ಧರ್ಧ ಗಂಟೆಯ ಏಳು ಹಿಪ್ನೋಥೆರಪಿ ಸೆಷನ್. ಇನ್ನೊಂದಕ್ಕೆ ಮಾತಿನ ಚಿಕಿತ್ಸೆ ಜೊತೆಗೆ ಔಷಧಿ ಇಲ್ಲದ ಹುಸಿ ಮಾತ್ರೆ. ಹಿಪ್ನೋಥೆರಪಿ ಗುಂಪು ಎಷ್ಟೋ ಮುಂದೆ ಹೋಯಿತು. ಆಮೇಲೆ ಅದೇ ಕೇಂದ್ರದಲ್ಲಿ 204 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2003ರಲ್ಲಿ ವರದಿ ಕೊಟ್ಟರು. 71 ಪರ್ಸೆಂಟ್ ಜನರಿಗೆ ಗುಣ ಕಂಡಿತ್ತು, ಹಾಗೆ ಗುಣ ಕಂಡವರಲ್ಲಿ 81 ಪರ್ಸೆಂಟ್ ಜನ ಅದನ್ನು ಉಳಿಸಿಕೊಂಡಿದ್ದರು.

ಇಲ್ಲಿಗೇ ನಿಲ್ಲಿಸಿದರೆ ನಾನು ವ್ಯಾಪಾರಿ ಆಗುತ್ತೇನೆ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನವರು 354 ರೋಗಿಗಳ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮೂರು ತಿಂಗಳಿಗೆ ‘ಸಾಕಷ್ಟು ಆರಾಮ’ ಅಂದವರು ಒಬ್ಬೊಬ್ಬರಾಗಿ ಹಿಪ್ನೋಥೆರಪಿ ಪಡೆದವರಲ್ಲಿ ಸುಮಾರು 41 ಪರ್ಸೆಂಟ್, ಗುಂಪಿನಲ್ಲಿ ಪಡೆದವರಲ್ಲಿ 33, ಬರೀ ತಿಳುವಳಿಕೆ ಮತ್ತು ಬೆಂಬಲ ಪಡೆದವರಲ್ಲಿ 17. ಅಂದರೆ ಕೆಲಸ ಮಾಡುತ್ತದೆ, ಆದರೆ ಅರ್ಧಕ್ಕಿಂತ ಜಾಸ್ತಿ ಜನ ಮೂರು ತಿಂಗಳಿಗೆ ಇನ್ನೂ ಒದ್ದಾಡುತ್ತಿದ್ದರು. ಬ್ರಿಟನ್ನಿನ ನೈಸ್ ಸಂಸ್ಥೆಯ 2008ರ ಮಾರ್ಗಸೂಚಿಯೂ ಇದನ್ನು ಮೊದಲ ಚಿಕಿತ್ಸೆ ಅನ್ನಲಿಲ್ಲ, ಹನ್ನೆರಡು ತಿಂಗಳು ಔಷಧಿಗೆ ಬಗ್ಗದವರಿಗೆ ಕೊಡಬಹುದಾದ ಮಾನಸಿಕ ಚಿಕಿತ್ಸೆಗಳಲ್ಲಿ ಒಂದು ಅಂದಿತು. ಡ್ರೈವರಣ್ಣನಿಗೆ ಈ ಅಂಕಿಗಳನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ನೂರಕ್ಕೆ ನಲವತ್ತು ಅಂದ್ರೆ ನನಗೆ ಜಾಸ್ತಿಯೇ ಮೇಡಂ, ಈಗ ಸೊನ್ನೆ ಉಂಟು’ ಅಂದರು.

ಅಳತೆಗೆ ಐಬಿಎಸ್ ತೀವ್ರತೆಯ ಪ್ರಶ್ನಾವಳಿ ಬಳಸಿದೆ. ಒಟ್ಟು 500 ಅಂಕ, 300 ದಾಟಿದರೆ ತೀವ್ರ. ಅವರದ್ದು 335. ಬ್ರಿಸ್ಟಲ್ ಚಾರ್ಟ್ ಅಂತ ಇದೆ, ಮಲದ ಏಳು ಬಗೆಯ ಚಿತ್ರ ಇರುವ ಹಾಳೆ. ಅದನ್ನು ಮುಂದಿಟ್ಟಾಗ ಮೊದಲು ನಾಚಿಕೊಂಡು ಆಮೇಲೆ ಆರನೇ ಚಿತ್ರದ ಮೇಲೆ ಬೆರಳಿಟ್ಟು, ‘ಇದು ಸೋಮವಾರದಿಂದ ಶನಿವಾರ, ಭಾನುವಾರ ನಾಲ್ಕು’ ಅಂದರು. ಭಾನುವಾರ ಅವರಿಗೆ ರಜೆ. ನನಗೆ ಬೇಕಾದ ಅರ್ಧ ಉತ್ತರ ಅಲ್ಲೇ ಇತ್ತು.

ಎರಡನೇ ಸೆಷನ್‌ನಲ್ಲಿ ನಾನು ಮಾಡಿದ ತಪ್ಪು

ಜೂನ್ ಮೊದಲ ವಾರ ಶುರು ಮಾಡಿದೆವು. ಎರಡು ವಾರಕ್ಕೊಂದು, ಒಟ್ಟು ಏಳು ಸೆಷನ್. ಮೊದಲನೆಯದರಲ್ಲಿ ಏನೂ ವಿಶೇಷ ಇಲ್ಲ. ಉಸಿರು, ಕಣ್ಣು ಭಾರ, ಕಾಲಿನಿಂದ ತಲೆಯವರೆಗೆ ಒಂದೊಂದೇ ಭಾಗ ಸಡಿಲ. ಅಂಗೈ ಬೆಚ್ಚಗಾಗುವುದನ್ನು ಊಹಿಸಿಕೊಂಡು ಅದನ್ನು ಹೊಟ್ಟೆಯ ಮೇಲೆ ಇಡುವುದು. ಈ ಬೆಚ್ಚನೆ ಕೈ ಮ್ಯಾಂಚೆಸ್ಟರ್ ಪದ್ಧತಿಯ ಮುಖ್ಯ ಭಾಗ. ‘ಬಿಸಿ ಕಾಫಿ ಲೋಟ ಹಿಡಿದ ಕೈ’ ಅಂದೆ. ಮೂರು ವರ್ಷದಿಂದ ಕಾಫಿ ಮುಟ್ಟದ ಮನುಷ್ಯನ ಮುಖದಲ್ಲಿ ಸಣ್ಣ ನಗು ಬಂತು, ಕೈ ನಿಜವಾಗಿಯೂ ಬೆಚ್ಚಗಾಯಿತು ಅಂತ ಆಮೇಲೆ ಹೇಳಿದರು. ಸುಲಭವಾಗಿ ಒಳಗಿಳಿಯುವವರು ಅಂತ ಖುಷಿಪಟ್ಟೆ. ಆ ಖುಷಿಯಲ್ಲೇ ಎಡವಿದ್ದು.

ಎರಡನೇ ಸೆಷನ್ನಿನ ದಿನ ಜೋರು ಮಳೆ. ಆ ಪದ್ಧತಿಯಲ್ಲಿ ಕರುಳನ್ನು ನದಿಯ ಹಾಗೆ ಕಲ್ಪಿಸಿಕೊಳ್ಳಿ ಅನ್ನುತ್ತಾರೆ. ಭೇದಿ ಇರುವವರು ರಭಸದ ನದಿಯನ್ನು ನಿಧಾನವಾಗಿ ಹರಿಯುವ ನದಿಯಾಗಿ ಮಾಡಿಕೊಳ್ಳಬೇಕು. ಕೊಡಗಿನವರು, ಕಾವೇರಿ ಹುಟ್ಟಿದ ನೆಲ, ಇದಕ್ಕಿಂತ ಚೆನ್ನಾದ ಚಿತ್ರ ಎಲ್ಲಿ ಸಿಗುತ್ತದೆ ಅಂದುಕೊಂಡೆ. ‘ನಿಮ್ಮ ಮುಂದೆ ನದಿ ಇದೆ, ಕೆಂಪು ನೀರು, ರಭಸವಾಗಿ ಹರಿಯುತ್ತಿದೆ, ಈಗ ಅದು ಮೆಲ್ಲಗೆ…’

ಮೆಲ್ಲಗೆ ಅನ್ನುವಷ್ಟರಲ್ಲಿ ಅವರ ಉಸಿರು ಮೇಲೆ ಬಂತು. ಹಣೆಯಲ್ಲಿ ಬೆವರು. ಹೊಟ್ಟೆಯ ಮೇಲಿದ್ದ ಕೈ ಶರ್ಟನ್ನು ಮುದುಡಿ ಹಿಡಿಯಿತು. ನಾನು ನಿಲ್ಲಿಸಿ, ಕಣ್ಣು ಬಿಡಿ ಅಂದೆ. ಅವರು ಕಣ್ಣು ಬಿಟ್ಟವರೇ ‘ಒಂದು ನಿಮಿಷ’ ಅಂತ ಟಾಯ್ಲೆಟ್ಟಿಗೆ ಓಡಿದರು. ಹೊಟ್ಟೆಯ ಚಿಕಿತ್ಸೆಯ ನಡುವೆಯೇ ಹೊಟ್ಟೆ ಕೆಡಿಸಿದ ಸಾಧನೆ ನನ್ನದು.

ವಾಪಸ್ ಬಂದು ಕೂತು, ತಲೆ ಒರೆಸಿಕೊಂಡು ಹೇಳಿದರು. ‘ಮೇಡಂ, ಆ ನೀರು ಬೇಡ. ಆ ರಾತ್ರಿ ಮನೆ ಹಿಂದೆ ಬಂದದ್ದು ಅದೇ ಬಣ್ಣ.’

ನನ್ನ ನೋಟ್ಸ್ ತೆರೆದು ನೋಡಿದೆ. ಮೊದಲ ದಿನವೇ ನಾನೇ ಬರೆದಿದ್ದೆ: ಮಳೆಗಾಲದಲ್ಲಿ ಜಾಸ್ತಿ. ಬೇತ್ರಿ ಸೇತುವೆ ಹತ್ತಿರ ಬಂದಾಗ ಹೊಟ್ಟೆ ನುಲಿಯುತ್ತದೆ. ಮೂರ್ನಾಡು ದಾಟಿ ವಿರಾಜಪೇಟೆ ಕಡೆ ಹೋಗುವಾಗ ಕಾವೇರಿಯನ್ನು ದಾಟುವುದು ಬೇತ್ರಿಯಲ್ಲಿ. ಮಳೆ ಜೋರಾದರೆ ಅಲ್ಲಿ ನೀರು ಎಷ್ಟು ಏರಿತು ಅಂತ ಇಡೀ ಬಸ್ಸು ಕಿಟಕಿಗೆ ಬಾಗುತ್ತದೆ. 2018 ಆದ ಮೇಲೆ 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ. ಮೂರು ಆಗಸ್ಟ್ ಸಾಲಾಗಿ. ಗಂಡಾಂತರದ ನಂತರ ಉಳಿಯುವ ಮಾನಸಿಕ ಆಘಾತ ಇದೆಯಾ ಅಂತ ನಾನು ಪ್ರಶ್ನಾವಳಿ ಇಟ್ಟು ಕೇಳಿದ್ದೆ. ಕೆಟ್ಟ ಕನಸು ಈಗ ಇಲ್ಲ, ನಿದ್ದೆ ಪರವಾಗಿಲ್ಲ, ಅಂಕ ಗಡಿಯಿಂದ ಕೆಳಗೆ. ಸರಿ ಅಂತ ಫೈಲ್ ಮುಚ್ಚಿದ್ದೆ. ಭಯ ಕನಸಿನಲ್ಲಿ ಇಲ್ಲದಿದ್ದರೂ ಹೊಟ್ಟೆಯಲ್ಲಿ ಇರಬಹುದು ಅನ್ನುವುದನ್ನು ದಿನಾ ಬೇರೆಯವರಿಗೆ ಹೇಳುವ ನಾನೇ ಮರೆತಿದ್ದೆ. ಮ್ಯಾಂಚೆಸ್ಟರಿನಲ್ಲಿ ಕೂತವರಿಗೆ ನದಿ ಅಂದರೆ ವಿಶ್ರಾಂತಿ ಇರಬಹುದು. ಮಡಿಕೇರಿಯಲ್ಲಿ ಜೂನ್ ತಿಂಗಳಲ್ಲಿ ಅದನ್ನು ಎತ್ತಿಕೊಂಡು ಬಂದದ್ದು ನನ್ನ ದಡ್ಡತನ.

ಹತ್ತಿಸಿದ ಗೇರಲ್ಲೇ ಇಳಿಸಬೇಕು

ಮೂರನೇ ಸಲ ಬಂದಾಗ ಹಿಪ್ನೋಸಿಸ್ ಮಾಡಲೇ ಇಲ್ಲ. ಅವರಿಗೆ ಗೊತ್ತಿರುವ ವಿಷಯ ಕೇಳಿದೆ, ಬಸ್ಸಿನದ್ದು. ಇಳಿಜಾರಿನಲ್ಲಿ ಇಷ್ಟು ದೊಡ್ಡ ಗಾಡಿಯನ್ನು ಹೇಗೆ ಹಿಡಿಯುತ್ತೀರಿ?

ಅಲ್ಲಿಯವರೆಗೆ ತಲೆ ತಗ್ಗಿಸಿ ಮಾತಾಡುತ್ತಿದ್ದವರು ನೆಟ್ಟಗೆ ಕೂತರು. ‘ಹಿಡೀಲಿಕ್ಕೆ ಹೋಗಬಾರದು ಮೇಡಂ. ಹೊಸಬರು ಅದೇ ತಪ್ಪು ಮಾಡುದು. ಬ್ರೇಕ್ ತುಳಿದುಕೊಂಡೇ ಇಳೀತಾರೆ. ಡ್ರಮ್ ಬಿಸಿಯಾಗ್ತದೆ, ಆಮೇಲೆ ಎಷ್ಟು ತುಳಿದ್ರೂ ಬ್ರೇಕ್ ಹಿಡಿಯುದಿಲ್ಲ. ಯಾವ ಗೇರಲ್ಲಿ ಹತ್ತಿಸ್ತೇವೋ ಅದೇ ಗೇರಲ್ಲಿ ಇಳಿಸಬೇಕು. ಇಂಜಿನ್ನೇ ಗಾಡಿಯನ್ನು ಹಿಡ್ಕೊಳ್ತದೆ. ಕಾಲು ಬ್ರೇಕಿನ ಹತ್ತಿರ ಇರಬೇಕು, ಅಷ್ಟೇ.’

ಹೇಳಿ ಮುಗಿಸಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಲೋಪೆರಮೈಡ್ ನುಂಗುವುದು, ಊಟ ಬಿಡುವುದು, ಆರು ಟ್ರಿಪ್ಪೂ ಹೊಟ್ಟೆ ಬಿಗಿ ಹಿಡಿದು ಕೂರುವುದು. ಒಂದು ನಿಮಿಷ ಬಿಟ್ಟು ಅವರೇ ಅಂದರು, ‘ನಾನು ಹೊಟ್ಟೆಗೆ ಬ್ರೇಕ್ ತುಳೀತಾ ಇದ್ದೇನೆ ಅಲ್ವಾ?’

ಇದನ್ನು ನಾನು ಹೇಳಿದ್ದರೆ ಉಪದೇಶ ಆಗುತ್ತಿತ್ತು.

ಆದರೆ ಅವರ ಮೂರನೇ ಪ್ರಶ್ನೆ ಇನ್ನೂ ಬಾಕಿ ಇತ್ತು. ಡ್ರೈವಿಂಗ್ ಚಿತ್ರವನ್ನೇ ವಿಶ್ರಾಂತಿಗೆ ಗಂಟು ಹಾಕಿದರೆ ನಿಜವಾದ ಸ್ಟಿಯರಿಂಗ್ ಹಿಡಿದಾಗ ಮೈ ಸಡಿಲವಾದರೆ? ಅಂಥ ಅಪಾಯ ಸಣ್ಣದಾದರೂ ಬೇಡ. ಹಾಗಾಗಿ ನಾಲ್ಕನೇ ಸೆಷನ್‌ನಲ್ಲಿ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಲಿಲ್ಲ. ಮುಂದಿನ ಪ್ಯಾಸೆಂಜರ್ ಸೀಟಿನಲ್ಲಿ ಕೂರಿಸಿದೆ. ಓಡಿಸುವುದು ಹೊಟ್ಟೆ. ಹೊಸ ಹುಡುಗ ಅಲ್ಲ, ಹಳೇ ಕೈ, ಹುಟ್ಟಿದಾಗಿನಿಂದ ಇದೇ ರೂಟಿನಲ್ಲಿ ಓಡಿಸುತ್ತಿರುವವನು. ಮಡಿಕೇರಿ ಬಿಟ್ಟಿದೆ, ಮಳೆ ನಿಂತಿದೆ, ಮೇಕೇರಿ ಕಡೆ ಇಳಿಜಾರು, ಸೆಕೆಂಡ್ ಗೇರ್, ಇಂಜಿನ್ ಗುನುಗುತ್ತಾ ಗಾಡಿಯನ್ನು ಹಿಡಿದುಕೊಂಡಿದೆ. ನಿಲ್ಲಬೇಕಾದ ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದೆ.

ಶುರುವಿನಲ್ಲಿ ಒಂದು ವಿಷಯ ನೋಡಿದೆ. ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬೇರೆಯವರು ಓಡಿಸುವಾಗ ಡ್ರೈವರುಗಳ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತದಲ್ಲ, ಅದೇ. ಚಪ್ಪಲಿಯ ತುದಿ ಬಾಗುವಷ್ಟು. ನಾನು ಅದರ ಬಗ್ಗೆ ಮಾತಾಡಲಿಲ್ಲ, ಸುಮ್ನೆ ಬಸ್ಸು ಇಳಿಸುತ್ತಾ ಹೋದೆ. ಏಳನೆಯದೋ ಎಂಟನೆಯದೋ ತಿರುವಿಗೆ ಆ ಕಾಲು ಸಡಿಲವಾಗಿ ಪಕ್ಕಕ್ಕೆ ವಾಲಿತು. ಹೊಟ್ಟೆಯಿಂದ ದೊಡ್ಡದಾಗಿ ಗುಡುಗುಡು ಸದ್ದು ಬಂತು, ಇಬ್ಬರಿಗೂ ಕೇಳಿಸುವಷ್ಟು. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಎಬ್ಬಿಸುವ ಮುಂಚೆ ಪ್ರತಿ ಸಲವೂ ಒಂದು ಸೂಚನೆ ಸೇರಿಸುತ್ತಿದ್ದೆ: ನಿಜವಾದ ಸ್ಟಿಯರಿಂಗ್ ಮುಟ್ಟಿದ ಕೂಡಲೇ ನೀವು ಪೂರ್ತಿ ಎಚ್ಚರ.

ಮನೆಯಲ್ಲಿ ಕೇಳಲು ಹದಿನೆಂಟು ನಿಮಿಷದ ರೆಕಾರ್ಡಿಂಗ್ ಕೊಟ್ಟೆ. ಈ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಮನೆಯದ್ದು, ದಿನಾ ಕೇಳಬೇಕು. ಬಸ್ಸಿನಲ್ಲಿ, ಸ್ಟ್ಯಾಂಡಿನಲ್ಲಿ ಕಾಯುವಾಗ ಕೂಡ, ಕೇಳಬಾರದು ಅಂತ ಬರೆದು ಸಹಿ ಹಾಕಿಸಿಕೊಂಡೆ. ರಾತ್ರಿ ಒಂಬತ್ತಕ್ಕೆ ಟಿವಿ ಆಫ್, ಹೆಂಡತಿ ಮಕ್ಕಳನ್ನು ಅಡುಗೆಮನೆಗೆ ಅಟ್ಟುತ್ತಿದ್ದರು. ಮೊದಲ ವಾರ ನಾಲ್ಕು ದಿನ ಕೇಳುತ್ತಾ ನಿದ್ದೆ ಹೋದರಂತೆ. ಮಲಗಿ ಕೇಳಬೇಡಿ, ಕೂತು ಕೇಳಿ ಅಂದೆ.

ಆಗಸ್ಟ್

ಏರಿಳಿತ ಇಲ್ಲದೆ ಯಾರಿಗೂ ಗುಣ ಆಗುವುದಿಲ್ಲ. ಐದನೇ ಸೆಷನ್ ಹೊತ್ತಿಗೆ ವಾರದಲ್ಲಿ ಎರಡು ಮೂರು ದಿನ ಮೂರ್ನಾಡಿನಲ್ಲಿ ಇಳಿಯದೆ ಹೋಗುತ್ತಿದ್ದರು. ಆಟಿ ಹದಿನೆಂಟು ಬಂತು. ಕೊಡವರು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ, ಆಗಸ್ಟ್ ಶುರುವಿನಲ್ಲಿ ಬರುತ್ತದೆ. ಅವತ್ತು ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ, ಕಡು ನೇರಳೆ ಬಣ್ಣ. ತಿಂದ ಮರುದಿನ ಮೂತ್ರ ಕೆಂಪಾಗುತ್ತದೆ, ಮದ್ದು ಮೈಗೆ ಹಿಡಿಯಿತು ಅಂತ ಎಲ್ಲರಿಗೂ ಖುಷಿ. ಇವರು ವರ್ಷಗಳಿಂದ ಮುಟ್ಟಿರಲಿಲ್ಲ. ಆ ಸಲ ಅರ್ಧ ಬಟ್ಟಲು ತಿಂದು, ಕೈ ಹೊಟ್ಟೆಯ ಮೇಲಿಟ್ಟುಕೊಂಡು ಒಂದು ಗಂಟೆ ಕಾದು ಕೂತರಂತೆ. ಏನೂ ಆಗಲಿಲ್ಲ.

ಅದಾಗಿ ವಾರದಲ್ಲಿ ಮಳೆ ಹುಚ್ಚೆದ್ದಿತು. ಬೇತ್ರಿಯಲ್ಲಿ ನೀರು ಏರುತ್ತಿದೆ ಅಂತ ಬಸ್ಸನ್ನು ಮೂರ್ನಾಡಿನಿಂದಲೇ ವಾಪಸ್ ತಿರುಗಿಸಿದರು. ಆ ರಾತ್ರಿಯಿಂದ ನಾಲ್ಕು ದಿನ ಹಳೆಯದೆಲ್ಲ ವಾಪಸ್. ದಿನಕ್ಕೆ ಆರು ಸಲ. ಆರನೇ ಸೆಷನ್‌ಗೆ ಬಂದವರು ‘ಎಲ್ಲ ಹೋಯ್ತು ಮೇಡಂ’ ಅಂದರು. ನಾನು ಡೈರಿ ತೆಗೆಸಿದೆ. 2018ರ ನಂತರದ ಮಳೆಗಾಲಗಳಲ್ಲಿ ಹೀಗೆ ಕೆಟ್ಟರೆ ಸರಿಯಾಗಲು ಎಷ್ಟು ದಿನ ಬೇಕಾಗುತ್ತಿತ್ತು ಅಂತ ಕೇಳಿದೆ. ಉತ್ತರ ಹೆಂಡತಿ ಕೊಟ್ಟರು: ‘ಪುತ್ತರಿವರೆಗೆ.’ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬರುವುದು ನವೆಂಬರ್ ಅಥವಾ ಡಿಸೆಂಬರಿನಲ್ಲಿ. ಈ ಸಲ ನಾಲ್ಕು ದಿನ. ಆ ಸೆಷನ್‌ನಲ್ಲಿ ಮಳೆಯ ಭಯದ ಬಗ್ಗೆ ನೇರವಾಗಿ ಮಾತಾಡಿದೆವು, ಕಣ್ಣು ಬಿಟ್ಟುಕೊಂಡೇ.

ಏಳನೇ ಸೆಷನ್ ಸೆಪ್ಟೆಂಬರ್ ಮೊದಲ ವಾರ. ಅಂಕ 210. ಈ ಅಳತೆಯಲ್ಲಿ 50 ಅಂಕ ಇಳಿದರೆ ಗುಣ ಅಂತ ಲೆಕ್ಕ. ಇವರದ್ದು 125 ಇಳಿದಿತ್ತು. ಆದರೂ ನೆನಪಿಡಿ, 210 ಅಂದರೆ ಇನ್ನೂ ಮಧ್ಯಮ ತೀವ್ರತೆ. ಕಾಯಿಲೆ ಹೋಗಿಲ್ಲ.

ಹಿಪ್ನೋಥೆರಪಿಯಿಂದಲೇ ಗುಣವಾಯಿತು ಅಂತ ನಾನು ಪ್ರಮಾಣ ಮಾಡಲಾರೆ. ಈ ಮೂರು ತಿಂಗಳಲ್ಲಿ ಬೇರೆ ಏನೇನೋ ನಡೆಯಿತು. ಲೋಪೆರಮೈಡನ್ನು ಡಾಕ್ಟರ್ ಹೇಳಿದ ದಿನಕ್ಕೆ ಮಾತ್ರ ಇಳಿಸಿದರು. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ ತಿಂದು ಹೊರಡಲು ಶುರು ಮಾಡಿದರು. ನನ್ನ ಪ್ರಕಾರ ದೊಡ್ಡದು ಇನ್ನೊಂದು. ನಾಲ್ಕನೇ ಸೆಷನ್ ಆದ ಮೇಲೆ ಅವರು ಬಸ್ಸಿನ ಮಾಲೀಕರಿಗೆ ವಿಷಯ ಹೇಳಿದರು. ಅಲ್ಲಿಯವರೆಗೆ ಕಂಡಕ್ಟರ್ ಒಬ್ಬನಿಗೇ ಗೊತ್ತಿದ್ದ ಗುಟ್ಟು ಅದು. ಮಾಲೀಕರು ಮೂರ್ನಾಡಿನ ನಿಲುಗಡೆಯನ್ನು ಐದು ನಿಮಿಷ ಮಾಡಿಕೊಟ್ಟರು. ಹೋಗಲು ಸಮಯ ಇದೆ ಅಂತ ಆದ ಮೇಲೆ ಹೋಗಬೇಕು ಅನ್ನಿಸುವುದೇ ಕಡಿಮೆಯಾಯಿತು ಅಂತ ಡ್ರೈವರಣ್ಣನೇ ಹೇಳುತ್ತಾರೆ. ಒಬ್ಬರು ಕೂತು ಗಂಟೆಗಟ್ಟಲೆ ಕೇಳಿಸಿಕೊಂಡದ್ದರ ಪಾಲೂ ಇರುತ್ತದೆ. ಒಂದೇ ಪ್ರಕರಣದಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಲು ಆಗುವುದಿಲ್ಲ, ಅದಕ್ಕೇ ದೊಡ್ಡ ಅಧ್ಯಯನಗಳು ಬೇಕು.

ಇದನ್ನು ಓದಿ ನಿಮಗೂ ಪ್ರಯತ್ನಿಸೋಣ ಅನ್ನಿಸಿದರೆ, ಹಿಪ್ನೋಥೆರಪಿಸ್ಟ್ ಅಂತ ಬೋರ್ಡ್ ಹಾಕಿದವರ ಹತ್ತಿರವೆಲ್ಲ ಹೋಗಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ಕೇಳಿ, ಡಾಕ್ಟರ್ ಆದರೆ ಅವರ ನೋಂದಣಿ ಕೇಳಿ. ಐಬಿಎಸ್‌ಗೆ ಮಾಡಿದ ಅನುಭವ ಇದೆಯಾ ಅಂತಲೂ ಕೇಳಿ. ಇದು ಹೊಟ್ಟೆಯನ್ನೇ ಗುರಿ ಇಟ್ಟು ಮಾಡುವ ಹಿಪ್ನೋಸಿಸ್, ಸಾಮಾನ್ಯ ರಿಲ್ಯಾಕ್ಸೇಷನ್ ಅಲ್ಲ. ಹಿಂದಿನ ಜನ್ಮಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುವವರು ಸಿಕ್ಕರೆ ಈ ಜನ್ಮದ ಚಪ್ಪಲಿ ಹಾಕಿಕೊಂಡು ಹೊರಡಿ. ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ತಿಳಿಯದ ಸ್ಥಿತಿ) ತರಹದ ಮಾನಸಿಕ ಕಾಯಿಲೆ ಇದ್ದವರಿಗೆ ಇದು ಹೊಂದುವುದಿಲ್ಲ, ಅದನ್ನು ಮುಚ್ಚಿಡಬೇಡಿ. ಒಂದು ಚಿತ್ರ ನಿಮಗೆ ಹಿತ ಅನ್ನಿಸದಿದ್ದರೆ, ಸುಮ್ನೆ ಸಹಿಸಿಕೊಳ್ಳದೆ ಆಗಲೇ ಹೇಳಿ. ಡ್ರೈವರಣ್ಣ ‘ಆ ನೀರು ಬೇಡ’ ಅನ್ನದೆ ನಾಳೆಯಿಂದ ಬರುವುದನ್ನೇ ನಿಲ್ಲಿಸಿದ್ದರೆ, ನನ್ನ ಫೈಲಿನಲ್ಲಿ ಅವರು ‘ಚಿಕಿತ್ಸೆಗೆ ಸ್ಪಂದಿಸದವರು’ ಆಗಿ ಉಳಿಯುತ್ತಿದ್ದರು.

ಆರು ತಿಂಗಳ ತಪಾಸಣೆಗೆ ಅವರು ಬಂದದ್ದು ಮಾರ್ಚಿನಲ್ಲಿ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿದ್ದವು, ಕ್ಲಿನಿಕ್ಕಿನ ಕಿಟಕಿಯವರೆಗೂ ಘಮ. ಅಂಕ 165. ವಾರಕ್ಕೆ ಎರಡು ಮೂರು ದಿನ ರೆಕಾರ್ಡಿಂಗ್ ಕೇಳುತ್ತಾರೆ. ಬೆಳಿಗ್ಗೆ ಅರ್ಧ ಲೋಟ ಕಾಫಿ ಶುರುವಾಗಿದೆ, ಬೆಲ್ಲ ಹಾಕಿದ್ದು. ಮುಂದಿನ ಮಳೆಗಾಲಕ್ಕೆ ಏನು ಮಾಡೋಣ ಅಂತ ಪ್ಲಾನ್ ಹಾಕಿದೆವು. ಎಲ್ಲ ಮುಗಿದು ಹೊರಡುವಾಗ ಬಾಗಿಲಲ್ಲಿ ನಿಂತರು. ಏನೋ ಹೇಳಲೋ ಬೇಡವೋ ಅನ್ನುವ ಹಾಗೆ.

‘ಮೇಡಂ, ಬೇಜಾರು ಮಾಡ್ಕೊಬೇಡಿ. ಆ ರೆಕಾರ್ಡಿಂಗಲ್ಲಿ ಮೇಕೇರಿ ಇಳಿಜಾರಿಗೆ ಸೆಕೆಂಡ್ ಗೇರ್ ಅಂತೀರಿ. ಅಲ್ಲಿ ಥರ್ಡ್ ಸಾಕು. ಪ್ರತಿ ಸಲ ಕೇಳುವಾಗ ಆ ಒಂದು ಜಾಗದಲ್ಲಿ ಇಂಜಿನ್ ಅರಚಿದ ಹಾಗೆ ಆಗ್ತದೆ.’

ಎಂಟು ತಿಂಗಳು ಸಹಿಸಿಕೊಂಡಿದ್ದರು ಪಾಪ. ಅಲ್ಲೇ ಕೂರಿಸಿ, ಫೋನ್ ತೆಗೆದು, ಆ ಭಾಗವನ್ನು ಥರ್ಡ್ ಗೇರಿನಲ್ಲಿ ಮತ್ತೆ ರೆಕಾರ್ಡ್ ಮಾಡಿಕೊಟ್ಟೆ.